ಬೇರೆ ಬೇರೆ ದಿನ ಮುಚ್ಚಿದ ಖಾತೆಗಳು: ನೈಜೀರಿಯಾ ಬ್ಯಾಂಕುಗಳ ಒಂದು ಪ್ರಕರಣ

2009ರ ಆಗಸ್ಟ್ 14, ಶುಕ್ರವಾರ. ನೈಜೀರಿಯಾದ ಕೇಂದ್ರ ಬ್ಯಾಂಕಿನ ಗವರ್ನರ್ ಕುರ್ಚಿಯಲ್ಲಿ ಕೂತು ಸನುಸಿ ಲಮಿಡೊ ಸನುಸಿ ಅವರಿಗೆ ಇನ್ನೂ ಎರಡೂವರೆ ತಿಂಗಳು ತುಂಬಿರಲಿಲ್ಲ. ಅಂದು ಅವರು ಐದು ಬ್ಯಾಂಕುಗಳ ಮುಖ್ಯಸ್ಥರನ್ನೂ ಅವರ ಕೈಕೆಳಗಿನ ಕಾರ್ಯನಿರ್ವಾಹಕ ನಿರ್ದೇಶಕರನ್ನೂ ಒಟ್ಟಿಗೇ ಮನೆಗೆ ಕಳಿಸಿದರು. ಓಷಿಯಾನಿಕ್, ಇಂಟರ್‌ಕಾಂಟಿನೆಂಟಲ್, ಯೂನಿಯನ್, ಆಫ್ರಿಬ್ಯಾಂಕ್, ಫಿನ್‌ಬ್ಯಾಂಕ್. ಯಾವುದೂ ಮೂಲೆಯಂಗಡಿಯಲ್ಲ. ಇಡೀ ದೇಶದ ಬ್ಯಾಂಕ್ ಸಾಲದಲ್ಲಿ ಸುಮಾರು ಶೇ 40, ಠೇವಣಿಯಲ್ಲಿ ಶೇ 30 ಈ ಐದರಲ್ಲೇ ಇತ್ತು.

ಅಂದು ಗವರ್ನರ್ ಓದಿದ ಅಂಕಿಗಳು ಹೀಗಿದ್ದವು: ಐದೂ ಬ್ಯಾಂಕು ಕೊಟ್ಟ ಒಟ್ಟು ಸಾಲ 2.8 ಲಕ್ಷ ಕೋಟಿ ನೈರಾ. ಅದರಲ್ಲಿ ವಸೂಲಿ ನಿಂತುಹೋದದ್ದು 1.14 ಲಕ್ಷ ಕೋಟಿ, ಅಂದರೆ ನೂರಕ್ಕೆ ನಲವತ್ತು. ಷೇರು ಕೊಳ್ಳಲೆಂದೇ ಕೊಟ್ಟ ಮಾರ್ಜಿನ್ ಸಾಲ ಸುಮಾರು 45,600 ಕೋಟಿ, ತೈಲ ವ್ಯಾಪಾರಕ್ಕೆ ಕೊಟ್ಟದ್ದು ಸುಮಾರು 48,700 ಕೋಟಿ. ಇಷ್ಟಕ್ಕೆ ಹೊಸದಾಗಿ ತೆಗೆದಿಡಬೇಕಾದ ಪ್ರಾವಿಷನ್, ಅಂದರೆ ಸಾಲ ಮುಳುಗಿದರೆ ತುಂಬಿಕೊಳ್ಳಲು ಲಾಭದಿಂದ ಎತ್ತಿಡುವ ಹಣ, ಸುಮಾರು 53,900 ಕೋಟಿ.

ನೂರಕ್ಕೆ ನಲವತ್ತು ಕೆಟ್ಟ ಸಾಲ ರಾತ್ರೋರಾತ್ರಿ ಹುಟ್ಟುವುದಿಲ್ಲ. ಇವೇ ಬ್ಯಾಂಕುಗಳು ಅದಕ್ಕೆ ಸ್ವಲ್ಪ ಮೊದಲು ಲಾಭ ಘೋಷಿಸಿ, ಡಿವಿಡೆಂಡ್ ಹಂಚಿ, ಲೆಕ್ಕಪರಿಶೋಧಕರ ಸಹಿ ಹಾಕಿಸಿ, ಹೊಳಪು ಕಾಗದದ ವಾರ್ಷಿಕ ವರದಿ ಅಚ್ಚು ಹಾಕಿಸಿದ್ದವು. ಇಷ್ಟು ದೊಡ್ಡ ಹೊಂಡ ಪುಸ್ತಕದ ಯಾವ ಪುಟದಲ್ಲಿ ಅಡಗಿತ್ತು? ಮೂರು ವರ್ಷ ಕಳೆದು ನೈಜೀರಿಯಾ ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡಗಳಾದ ಐಎಫ್‌ಆರ್‌ಎಸ್ ಒಪ್ಪಿಕೊಂಡಿತು, ಬ್ಯಾಂಕುಗಳ ಆರೋಗ್ಯವೂ ಸುಧಾರಿಸಿತು. ಹಾಗಾದರೆ ಮಾನದಂಡವೇ ಮದ್ದು ಎಂದು ಬರೆದುಬಿಡಬಹುದೇ? ಆಫ್ರಿಕಾದ ಬ್ಯಾಂಕುಗಳ ಬಗ್ಗೆ ಬರುವ ಎಷ್ಟೋ ಪ್ರಬಂಧಗಳು ಹಾಗೇ ಬರೆಯುತ್ತವೆ. ಈ ಒಂದು ಪ್ರಕರಣವನ್ನು ಹತ್ತಿರದಿಂದ ನೋಡಿದರೆ ಆ ತೀರ್ಮಾನ ನಿಲ್ಲುವುದಿಲ್ಲ ಎಂಬುದು ನನ್ನ ವಾದ.

89 ಇದ್ದದ್ದು 25 ಆಯಿತು

ಕಥೆ ಶುರುವಾಗುವುದು 2004ರ ಜುಲೈನಲ್ಲಿ. ಆಗಿನ ಗವರ್ನರ್, ಅರ್ಥಶಾಸ್ತ್ರದ ಪ್ರಾಧ್ಯಾಪಕ ಚಾರ್ಲ್ಸ್ ಸೊಲುಡೊ, ಬ್ಯಾಂಕಿನ ಕನಿಷ್ಠ ಬಂಡವಾಳವನ್ನು 200 ಕೋಟಿ ನೈರಾದಿಂದ 2,500 ಕೋಟಿಗೆ ಏರಿಸಿದರು. ಕೊಟ್ಟ ಗಡುವು 2005ರ ಡಿಸೆಂಬರ್ 31. ಆಗ ದೇಶದಲ್ಲಿದ್ದ ಬ್ಯಾಂಕು 89. ಬಹುಪಾಲು ಬಡಕಲು, ಸರ್ಕಾರಿ ಇಲಾಖೆಗಳ ಠೇವಣಿಯನ್ನೇ ನಂಬಿ ಬದುಕಿದ್ದವು. ಗಡುವು ಮುಗಿಯುವ ಹೊತ್ತಿಗೆ ಒಂದರೊಳಗೊಂದು ಸೇರಿ, ಕೆಲವು ಬಾಗಿಲು ಹಾಕಿ, 25 ಉಳಿದವು. ಮುಂದೆ 24 ಆದವು.

ಆ ತೀರ್ಮಾನವನ್ನು ಪೂರಾ ತಪ್ಪು ಎನ್ನಲಾರೆ. ಆದರೆ ಹದಿನೆಂಟು ತಿಂಗಳಲ್ಲಿ ಹನ್ನೆರಡು ಪಟ್ಟಿಗೂ ಹೆಚ್ಚು ಬಂಡವಾಳ ಎಲ್ಲಿಂದ ತರುವುದು? ಎಲ್ಲರೂ ಓಡಿದ್ದು ಲೇಗೋಸಿನ ಷೇರುಪೇಟೆಗೆ. ತೈಲದ ಬೆಲೆ ಏರುತ್ತಿದ್ದ ಕಾಲ, ಪೇಟೆಯಲ್ಲಿ ದುಡ್ಡು ಹರಿದಾಡುತ್ತಿತ್ತು. ಗಡುವು ದಾಟಿದ ಮೇಲೂ ಬ್ಯಾಂಕುಗಳು ಷೇರು ಹೊರಡಿಸುವುದನ್ನು ನಿಲ್ಲಿಸಲಿಲ್ಲ. ದೊಡ್ಡ ಬಂಡವಾಳ ಎಂಬುದೇ ಪೈಪೋಟಿಯಾಯಿತು. 2008ರ ಮಾರ್ಚ್ ಮೊದಲ ವಾರ ಷೇರು ಸೂಚ್ಯಂಕ 66,000 ದಾಟಿತು. ಆ ಪೇಟೆಯ ಒಟ್ಟು ಮೌಲ್ಯದಲ್ಲಿ ಅರ್ಧಕ್ಕೂ ಹೆಚ್ಚು ಬ್ಯಾಂಕ್ ಷೇರುಗಳದ್ದೇ. ಅಲ್ಲಿಂದ ವರ್ಷ ತುಂಬುವುದರೊಳಗೆ ಅದು 20,000ದ ಆಸುಪಾಸಿಗೆ ಕುಸಿಯಿತು. ಅದೇ 2008ರ ಜುಲೈನಲ್ಲಿ 147 ಡಾಲರ್ ಮುಟ್ಟಿದ್ದ ಕಚ್ಚಾ ತೈಲ ಡಿಸೆಂಬರ್‌ನಲ್ಲಿ 40ಕ್ಕಿಂತ ಕೆಳಗಿತ್ತು.

ಒಳಗಿನ ದುಡ್ಡು ಹೊರಗೆ ಸುತ್ತಿ ಬಂದದ್ದು

ಮಾರ್ಜಿನ್ ಸಾಲ ಎಂದರೆ ಷೇರು ಕೊಳ್ಳಲು ಕೊಡುವ ಸಾಲ. ಕೊಂಡ ಷೇರೇ ಅಡಮಾನ. ಇದು ಎಲ್ಲ ದೇಶದಲ್ಲೂ ಇದೆ. ಲೇಗೋಸಿನಲ್ಲಿ ಆದ ತಿರುವು ಏನೆಂದರೆ, ಕೊಂಡದ್ದು ಅನೇಕ ಸಲ ಸಾಲ ಕೊಟ್ಟ ಬ್ಯಾಂಕಿನದೇ ಷೇರು.

ಕೈಲೆಕ್ಕಕ್ಕೆ ಒಂದು ಉದಾಹರಣೆ ತೆಗೆದುಕೊಳ್ಳಿ. ಬ್ಯಾಂಕು ಒಬ್ಬನಿಗೆ 100 ನೈರಾ ಸಾಲ ಕೊಡುತ್ತದೆ. ಅವನು ಅದೇ ಬ್ಯಾಂಕಿನ ಹೊಸ ಷೇರಿಗೆ ಆ 100 ಕಟ್ಟುತ್ತಾನೆ. ಬ್ಯಾಲೆನ್ಸ್ ಶೀಟಿನಲ್ಲಿ ಒಂದು ಕಡೆ ಸಾಲ 100 ಹೆಚ್ಚಾಯಿತು, ಇನ್ನೊಂದು ಕಡೆ ಬಂಡವಾಳ 100 ಹೆಚ್ಚಾಯಿತು. ಎರಡೂ ಬದಿ ಸರಿಹೊಂದಿವೆ, ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಹೊರಗಿನಿಂದ ಒಂದು ಕಾಸೂ ಬಂದಿಲ್ಲ. ಬಂಡವಾಳ ಎಂದರೆ ನಷ್ಟವಾದಾಗ ಠೇವಣಿದಾರನಿಗಿಂತ ಮೊದಲು ಏಟು ತಿನ್ನುವ ದುಡ್ಡು. ಇಲ್ಲಿ ಏಟು ತಿನ್ನಬೇಕಾದದ್ದು ಠೇವಣಿದಾರನದೇ ಹಣ, ಬಂಡವಾಳದ ವೇಷ ಹಾಕಿ ಕೂತಿದೆ. ಷೇರು ಬೆಲೆ ಏರುವ ತನಕ ಸಾಲಗಾರ ಬಡ್ಡಿ ಕಟ್ಟುತ್ತಾನೆ, ಬ್ಯಾಂಕು ಲಾಭ ತೋರಿಸುತ್ತದೆ, ಆ ಲಾಭ ನೋಡಿ ಷೇರು ಇನ್ನೂ ಏರುತ್ತದೆ. ಬೆಲೆ ಬಿದ್ದ ದಿನ ಸಾಲ, ಅಡಮಾನ, ಬಂಡವಾಳ ಮೂರೂ ಒಟ್ಟಿಗೆ ಕರಗುತ್ತವೆ, ಯಾಕೆಂದರೆ ಮೂರೂ ಒಂದೇ ವಸ್ತು.

2010ರ ಫೆಬ್ರವರಿಯಲ್ಲಿ ಕಾನೊ ನಗರದ ಬಾಯೆರೊ ವಿಶ್ವವಿದ್ಯಾಲಯದ ಘಟಿಕೋತ್ಸವ ಉಪನ್ಯಾಸದಲ್ಲಿ ಸನುಸಿ ಇದಕ್ಕೆ ಹೆಸರು, ಅಂಕಿ ಸಮೇತ ಉದಾಹರಣೆ ಕೊಟ್ಟರು. ಅವರು ಹೇಳಿದ ಪ್ರಕಾರ ಇಂಟರ್‌ಕಾಂಟಿನೆಂಟಲ್ ಬ್ಯಾಂಕಿನ ಷೇರು ಬಂಡವಾಳದ ಶೇ 30 ಗ್ರಾಹಕರ ಠೇವಣಿಯಿಂದಲೇ ಕೊಂಡದ್ದು. ಆಫ್ರಿಬ್ಯಾಂಕ್ ತನ್ನ ಸಾರ್ವಜನಿಕ ಷೇರು ನೀಡಿಕೆಯ ಶೇ 80ನ್ನು ಠೇವಣಿ ಹಣದಿಂದ ತಾನೇ ಎತ್ತಿಕೊಂಡಿತ್ತು. ಪೇಟೆಯಲ್ಲಿ 11 ನೈರಾಗೆ ಸಿಗುತ್ತಿದ್ದ ಷೇರಿಗೆ 25 ನೈರಾ ಕೊಟ್ಟು. ಮುಂದೆ ಅದು 3 ನೈರಾಗೂ ಕೆಳಗೆ ಬಿತ್ತು. ಒಂದು ಬ್ಯಾಂಕಿನವರು ನೂರು ಸುಳ್ಳು ಕಂಪನಿ ಕಟ್ಟಿದ್ದರು ಎಂದೂ, ಇನ್ನೊಂದು ಬ್ಯಾಂಕು ಕೊಂಡ ಖಾಸಗಿ ವಿಮಾನ ಮುಖ್ಯಸ್ಥರ ಮಗನ ಹೆಸರಿನಲ್ಲಿತ್ತು ಎಂದೂ ಅದೇ ಉಪನ್ಯಾಸದಲ್ಲಿ ಬರುತ್ತದೆ. ಬೇಲಿಯೇ ಹೊಲ ಮೇಯುವುದನ್ನು ಕೇಳಿದ್ದೇವೆ. ಇಲ್ಲಿ ಬೇಲಿ ಮೇಯ್ದದ್ದಷ್ಟೇ ಅಲ್ಲ, ಫಸಲು ಚೆನ್ನಾಗಿದೆ ಎಂದು ವರದಿಯನ್ನೂ ಬರೆದಿತ್ತು.

ಸರ ಒಂದೇ, ಮನೆ ಮೂರು

ಹೆಣ್ಣು ನೋಡಲು ಬರುವ ದಿನ ಪಕ್ಕದ ಮನೆಯಿಂದ ಚಿನ್ನದ ಸರ ತಂದು ಹಾಕುವುದು ನಮಗೆ ಹೊಸದಲ್ಲ. ಮೂರು ಮನೆಗೆ ಬೇರೆ ಬೇರೆ ದಿನ ಗಂಡಿನ ಕಡೆಯವರು ಬಂದರೆ ಒಂದೇ ಸರ ಮೂರೂ ಮನೆಯ ಮಾನ ಉಳಿಸುತ್ತದೆ. ಎಲ್ಲ ಮನೆಗೂ ಒಂದೇ ದಿನ, ಒಂದೇ ಹೊತ್ತಿಗೆ ಬಂದರೆ ಮಾತ್ರ ಸರ ಯಾರದ್ದೆಂದು ಗೊತ್ತಾಗುವುದು.

ನೈಜೀರಿಯಾದ ಬ್ಯಾಂಕುಗಳ ಲೆಕ್ಕವರ್ಷ ಮುಗಿಯುತ್ತಿದ್ದದ್ದು ಹಾಗೆಯೇ, ಒಂದೊಂದಕ್ಕೆ ಒಂದೊಂದು ದಿನ. ಫಸ್ಟ್ ಬ್ಯಾಂಕಿಗೆ ಮಾರ್ಚ್ 31, ಯುನೈಟೆಡ್ ಬ್ಯಾಂಕ್ ಫಾರ್ ಆಫ್ರಿಕಾಕ್ಕೆ ಸೆಪ್ಟೆಂಬರ್ 30, ಕೆಲವಕ್ಕೆ ಫೆಬ್ರವರಿ ಕೊನೆ. ನಮ್ಮಲ್ಲಿ ಎಲ್ಲ ಬ್ಯಾಂಕಿಗೂ ಮಾರ್ಚ್ 31 ಎಂಬುದು ಎಷ್ಟು ಸಹಜವೆಂದರೆ, ಅದೂ ಒಂದು ನಿಯಂತ್ರಣ ಎಂದು ಯಾರೂ ಯೋಚಿಸುವುದಿಲ್ಲ. ಅಲ್ಲಿ ಒಂದು ಬ್ಯಾಂಕಿನ ವರ್ಷಾಂತ್ಯ ಬಂದಾಗ ವರ್ಷಾಂತ್ಯವಿಲ್ಲದ ಇನ್ನೊಂದು ಬ್ಯಾಂಕು ಅದರಲ್ಲಿ ನಾಲ್ಕು ದಿನಕ್ಕೆ ಠೇವಣಿ ಇಡಬಹುದು, ಅಥವಾ ಅದರ ಕೆಟ್ಟ ಸಾಲವನ್ನು ತಾತ್ಕಾಲಿಕವಾಗಿ ತನ್ನಲ್ಲಿ ಇರಿಸಿಕೊಳ್ಳಬಹುದು. ಆರು ತಿಂಗಳಾದ ಮೇಲೆ ಉಪಕಾರ ತೀರಿಸಿದರಾಯಿತು. ಲೆಕ್ಕಪರಿಶೋಧಕರು ಬಂದು ನೋಡಿದ ದಿನ ಹಣ ಅಲ್ಲೇ ಇತ್ತು. ಯಾವ ಮಾನದಂಡದ ಯಾವ ಪರಿಚ್ಛೇದವೂ ಮುರಿದಿಲ್ಲ.

ಹಾಗೆಂದು ಎಚ್ಚರಿಕೆ ಸಿಕ್ಕಿರಲಿಲ್ಲವೆಂದಲ್ಲ. 2006ರ ಕೊನೆಗೆ ಕ್ಯಾಡ್‌ಬರಿ ನೈಜೀರಿಯಾ ಕಂಪನಿ ವರ್ಷಗಟ್ಟಲೆ ಲಾಭ ಉಬ್ಬಿಸಿದ್ದು ಹೊರಬಿತ್ತು. ಅಲ್ಲೂ ವರ್ಷದ ಕೊನೆಗೆ ವಿತರಕರ ಗೋದಾಮಿಗೆ ಮಾಲು ತುರುಕಿ ಮಾರಾಟವೆಂದು ಬರೆಯುವುದು ತಂತ್ರಗಳಲ್ಲೊಂದು. ಚಾಕೊಲೇಟು ಕಂಪನಿಯ ಕಥೆ ಎಂದು ಬ್ಯಾಂಕಿನವರು ಸುಮ್ಮನಾದರು.

ಕೊನೆಗೆ ಗುಟ್ಟು ಬಿಟ್ಟುಕೊಟ್ಟದ್ದು ಲೆಕ್ಕಪತ್ರವಲ್ಲ, ನಗದಿನ ಕೊರತೆ. ಬಿಕ್ಕಟ್ಟಿನ ಕಾಲಕ್ಕೆಂದು ಕೇಂದ್ರ ಬ್ಯಾಂಕು 2008ರ ಅಕ್ಟೋಬರ್‌ನಲ್ಲಿ ಅಲ್ಪಾವಧಿ ಸಾಲದ ದೊಡ್ಡ ಕಿಟಕಿಯೊಂದನ್ನು ತೆರೆದಿತ್ತು. ಉಳಿದವರು ಬಂದು ಹೋಗುತ್ತಿದ್ದರೆ, ಐದು ಹೆಸರು ಮಾತ್ರ ಅಲ್ಲಿಂದ ಕದಲಲೇ ಇಲ್ಲ. 2009ರ ಜುಲೈ ಕೊನೆಗೆ ಆ ಕಿಟಕಿಯ ಬಾಕಿಯಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಪಾಲು ಈ ಐದು ಬ್ಯಾಂಕುಗಳದ್ದು. ಆರೋಗ್ಯವಂತ ಎಂದು ಸರ್ಟಿಫಿಕೇಟು ಹಿಡಿದವನು ದಿನಾ ಆಸ್ಪತ್ರೆಯ ಬಾಗಿಲಲ್ಲೇ ಮಲಗಿದ್ದರೆ ಯಾರಿಗಾದರೂ ಅನುಮಾನ ಬರಬೇಕು. ಫಸ್ಟ್ ಬ್ಯಾಂಕಿನಲ್ಲಿದ್ದಾಗಲೇ ಸಾಲದ ಅಪಾಯ ಅಳೆಯುವ ಕೆಲಸ ಮಾಡಿ ಬಂದಿದ್ದ ಸನುಸಿಗೆ ಬಂತು. ಕೇಂದ್ರ ಬ್ಯಾಂಕು ಮತ್ತು ಠೇವಣಿ ವಿಮಾ ನಿಗಮದ ಜಂಟಿ ತಂಡಗಳು ಒಂದೊಂದೇ ಬ್ಯಾಂಕಿನ ಸಾಲದ ಕಡತ ಬಿಚ್ಚತೊಡಗಿದವು.

ನಿಯಮ ಇರಲಿಲ್ಲವೇ?

ಇತ್ತು, ಅದೂ 1990ರಿಂದ. ನೈಜೀರಿಯಾದ ಸ್ವಂತ ಲೆಕ್ಕಪತ್ರ ಮಾನದಂಡಗಳ ಪೈಕಿ ಹತ್ತನೆಯದು, ಎಸ್‌ಎಎಸ್ 10, ಬ್ಯಾಂಕುಗಳಿಗೆಂದೇ ಬರೆದದ್ದು. ಅದೇ ವರ್ಷದ ಕೇಂದ್ರ ಬ್ಯಾಂಕಿನ ಮಾರ್ಗಸೂಚಿಯೂ ಅದಕ್ಕೆ ಜೋಡಿ. ಕಂತು 90 ದಿನ ತಪ್ಪಿದರೆ ಸಾಲ ಕೆಳದರ್ಜೆಗೆ ಇಳಿಯುತ್ತದೆ, ಶೇ 10 ಪ್ರಾವಿಷನ್. 180 ದಿನ ದಾಟಿದರೆ ಸಂದೇಹದ ಸಾಲ, ಶೇ 50. 360 ದಾಟಿದರೆ ಮುಳುಗಿದ ಸಾಲ, ಪೂರ್ತಿ ನೂರು. ವಸೂಲಿಯಾಗದ ಬಡ್ಡಿಯನ್ನು ಆದಾಯವೆಂದು ತೋರಿಸುವಂತಿಲ್ಲ. ನಮ್ಮ ಬ್ಯಾಂಕುಗಳಲ್ಲಿ ಕೆಲಸ ಮಾಡಿದವರಿಗೆ ಇದೆಲ್ಲ ಮನೆಮಾತಿನಷ್ಟು ಪರಿಚಿತ. ದಿನಗಳ ಲೆಕ್ಕ, ಶೇಕಡಾ ಲೆಕ್ಕ ತುಸು ಹೆಚ್ಚುಕಡಿಮೆ, ಅಷ್ಟೆ.

ಈ ನಿಯಮವನ್ನು ಯಾರೂ ಎದುರಿಗೆ ಮುರಿಯಬೇಕಾಗಿರಲಿಲ್ಲ. ಕಂತು ತಪ್ಪುವ ಮುನ್ನಾದಿನ ಹೊಸ ಸಾಲ ಕೊಟ್ಟು ಹಳೆಯದನ್ನು ತೀರಿಸಿದರೆ 90 ದಿನದ ಗಡಿಯಾರ ಮತ್ತೆ ಸೊನ್ನೆಯಿಂದ ಓಡುತ್ತದೆ. ಸಾಲಗಾರ ಹತ್ತು ಕಂಪನಿಯ ಹೆಸರಿನಲ್ಲಿ ಬಂದರೆ ಒಬ್ಬನಿಗೆ ಇಷ್ಟೇ ಕೊಡಬೇಕೆಂಬ ಮಿತಿ ಅವನನ್ನು ಹಿಡಿಯುವುದಿಲ್ಲ. ಷೇರು ಕೊಳ್ಳಲು ಕೊಟ್ಟ ಸಾಲವನ್ನು ವಾರ್ಷಿಕ ವರದಿಯ ಟಿಪ್ಪಣಿಯಲ್ಲಿ ‘ಇತರೆ’ ಎಂಬ ಸಾಲಿನೊಳಗೆ ಕೂರಿಸಿದರೆ ಹೊರಗಿನ ಓದುಗನಿಗೆ ಅದು ಕಾಣುವುದಿಲ್ಲ. ಕಾನೊ ಉಪನ್ಯಾಸದಲ್ಲಿ ಸನುಸಿ ಎಂಟು ಕಾರಣ ಪಟ್ಟಿ ಮಾಡಿದರು. ಬ್ಯಾಂಕಿನ ನಿಜಸ್ಥಿತಿ ಬಹಿರಂಗವಾಗದಿದ್ದದ್ದು ಅವುಗಳಲ್ಲೊಂದು ಮಾತ್ರ. ಉಳಿದವುಗಳಲ್ಲಿ ಆಡಳಿತ ಮಂಡಳಿಗಳ ವೈಫಲ್ಯವೂ ಇತ್ತು, ತಮ್ಮದೇ ಕೇಂದ್ರ ಬ್ಯಾಂಕಿನ ಸಡಿಲ ಮೇಲ್ವಿಚಾರಣೆಯೂ ಇತ್ತು. ಗವರ್ನರ್ ಒಬ್ಬ ಸ್ವಂತ ಸಂಸ್ಥೆಯನ್ನೇ ಪಟ್ಟಿಗೆ ಸೇರಿಸಿದ್ದು ಅಪರೂಪ. ಈ ದೌರ್ಬಲ್ಯ ಅಷ್ಟೇನೂ ಗುಟ್ಟಾಗಿರಲಿಲ್ಲ ಕೂಡ: ವಿಶ್ವಬ್ಯಾಂಕಿನ 2004ರ ಪರಿಶೀಲನಾ ವರದಿ ದೇಶದ ಲೆಕ್ಕಪತ್ರ ನಿಯಮಗಳು ಹಳತಾಗಿರುವುದನ್ನಷ್ಟೇ ಅಲ್ಲ, ಇದ್ದ ನಿಯಮ ಜಾರಿಯಾಗದಿರುವುದನ್ನೂ ಎತ್ತಿ ತೋರಿಸಿತ್ತು.

ಗುಡಿಸಿದ್ದು ಯಾರು

2009ರ ಅಕ್ಟೋಬರ್ ಹೊತ್ತಿಗೆ ಇನ್ನೂ ಮೂರು ಬ್ಯಾಂಕುಗಳ ಮುಖ್ಯಸ್ಥರು ಹೋದರು. ಎಂಟು ಬ್ಯಾಂಕಿಗೆ ಕೇಂದ್ರ ಬ್ಯಾಂಕು ಸುರಿದದ್ದು 62,000 ಕೋಟಿ ನೈರಾ. ಓಷಿಯಾನಿಕ್ ಮುಖ್ಯಸ್ಥೆ ಸೆಸಿಲಿಯಾ ಇಬ್ರು 2010ರ ಅಕ್ಟೋಬರ್‌ನಲ್ಲಿ ತಪ್ಪೊಪ್ಪಿಕೊಂಡರು. ಆರು ತಿಂಗಳ ಸೆರೆ, ಜೊತೆಗೆ ಸುಮಾರು 19,100 ಕೋಟಿ ನೈರಾ ಬೆಲೆಯ ಆಸ್ತಿ ಮುಟ್ಟುಗೋಲು. ಇಂಟರ್‌ಕಾಂಟಿನೆಂಟಲ್‌ನ ಎರಾಸ್ಟಸ್ ಅಕಿಂಗ್ಬೊಲಾ ವಿರುದ್ಧದ ಸಿವಿಲ್ ದಾವೆ ಲಂಡನ್ನಿನಲ್ಲಿ ನಡೆಯಿತು. ಬ್ಯಾಂಕಿನ ದುಡ್ಡಿನಲ್ಲೇ ಬ್ಯಾಂಕಿನ ಷೇರು ಕೊಂಡ ವಿಷಯವೂ ಅಲ್ಲಿ ವಿಚಾರಣೆಗೆ ಬಂದು, 2012ರ ಜುಲೈ ಕೊನೆಗೆ ಅಲ್ಲಿನ ಹೈಕೋರ್ಟು 65.4 ಕೋಟಿ ಪೌಂಡ್ ಕಟ್ಟಿಕೊಡಲು ಆದೇಶಿಸಿತು.

ಬ್ಯಾಂಕುಗಳಿಗಾದರೋ ಔಷಧ ಬೇರೆ. 2010ರ ಜುಲೈನಲ್ಲಿ ಆಮ್ಕಾನ್ ಎಂಬ ಸರ್ಕಾರಿ ಸಂಸ್ಥೆ ಕಾನೂನಿನ ಮೂಲಕ ಹುಟ್ಟಿತು. ಕೆಟ್ಟ ಸಾಲಗಳನ್ನು ಕಡಿಮೆ ಬೆಲೆಗೆ ಕೊಂಡು, ಬದಲಿಗೆ ಸರ್ಕಾರದ ಖಾತರಿಯಿರುವ ಬಾಂಡ್ ಕೊಡುವುದು ಅದರ ಕೆಲಸ. 12,000ಕ್ಕೂ ಹೆಚ್ಚು ಸಾಲದ ಕಡತಗಳು ಬ್ಯಾಂಕುಗಳಿಂದ ಎದ್ದು ಆಮ್ಕಾನ್ ಕಪಾಟಿಗೆ ಹೋದವು. 2009ರಲ್ಲಿ ಇಡೀ ಬ್ಯಾಂಕ್ ವಲಯದ ಸಾಲದಲ್ಲಿ ಮೂರನೇ ಒಂದು ಪಾಲಿಗೂ ಹೆಚ್ಚು ಕೆಟ್ಟಿತ್ತು. 2012ರ ಹೊತ್ತಿಗೆ ಅದು ಶೇ 5ಕ್ಕಿಂತ ಕೆಳಗಿಳಿಯಿತು. ಸಾಲಗಾರರು ತೀರಿಸಿದ್ದರಿಂದಲ್ಲ. ಕಡತ ಕೋಣೆ ಬದಲಿಸಿತು.

2011ರ ಆಗಸ್ಟ್ 5ರಂದು ಆಫ್ರಿಬ್ಯಾಂಕ್, ಬ್ಯಾಂಕ್ ಪಿಎಚ್‌ಬಿ, ಸ್ಪ್ರಿಂಗ್ ಬ್ಯಾಂಕ್ ಮೂರರ ಪರವಾನಗಿ ರದ್ದಾಗಿ, ಮೇನ್‌ಸ್ಟ್ರೀಟ್, ಕೀಸ್ಟೋನ್, ಎಂಟರ್‌ಪ್ರೈಸ್ ಎಂಬ ಹೊಸ ಹೆಸರಿನಲ್ಲಿ ಬಾಗಿಲು ತೆರೆದವು. ಓಷಿಯಾನಿಕ್ ಎಕೋಬ್ಯಾಂಕಿಗೆ, ಇಂಟರ್‌ಕಾಂಟಿನೆಂಟಲ್ ಆಕ್ಸೆಸ್ ಬ್ಯಾಂಕಿಗೆ ಸೇರಿದವು. ಠೇವಣಿದಾರರು ಉಳಿದರು, ಷೇರುದಾರರು ಮುಳುಗಿದರು. ಸಾಲ ಮಾಡಿ ಷೇರು ಕೊಂಡ ನಿವೃತ್ತ ನೌಕರರೂ ಆ ಷೇರುದಾರರಲ್ಲಿದ್ದರು ಎಂಬುದನ್ನು ಅಂಕಿಪಟ್ಟಿ ಹೇಳುವುದಿಲ್ಲ.

ಇಷ್ಟರ ನಡುವೆ ಒಂದು ಸಣ್ಣ ಸುತ್ತೋಲೆ ಬಂತು: ಎಲ್ಲ ಬ್ಯಾಂಕಿಗೂ ಲೆಕ್ಕವರ್ಷ ಡಿಸೆಂಬರ್ 31ಕ್ಕೇ ಮುಗಿಯಬೇಕು, 2009ರಿಂದಲೇ. ಹಿಂದೆಯೂ ಇದನ್ನು ತರಲು ಹೊರಟು ಮುಂದೂಡಿದ್ದರು. ನನ್ನ ಕಣ್ಣಿಗೆ ಈ ಇಡೀ ಪ್ರಕರಣದಲ್ಲಿ ಅತ್ಯಂತ ಅಗ್ಗದ, ಅತ್ಯಂತ ಹರಿತವಾದ ಸುಧಾರಣೆ ಇದೇ. ಹೊಸ ತಂತ್ರಾಂಶ ಬೇಕಿಲ್ಲ, ವಿದೇಶಿ ಸಲಹೆಗಾರರು ಬೇಕಿಲ್ಲ, ಎಲ್ಲ ಮನೆಗೂ ಒಂದೇ ದಿನ ಹೆಣ್ಣು ನೋಡಲು ಹೋದರೆ ಮುಗಿಯಿತು.

2012ರ ಹೊಸ ಪುಸ್ತಕ

ಐಎಫ್‌ಆರ್‌ಎಸ್ ಅಳವಡಿಕೆಗೆ 2010ರ ಜುಲೈನಲ್ಲೇ ಸಚಿವ ಸಂಪುಟದ ಒಪ್ಪಿಗೆ ಸಿಕ್ಕಿತ್ತು. ಷೇರುಪೇಟೆಯಲ್ಲಿರುವ ಕಂಪನಿಗಳು, ಬ್ಯಾಂಕುಗಳು 2012ರ ಜನವರಿ 1ರಿಂದ; ಉಳಿದ ಸಾರ್ವಜನಿಕ ಹಿತಾಸಕ್ತಿಯ ಸಂಸ್ಥೆಗಳು 2013ರಿಂದ; ಸಣ್ಣ ಮತ್ತು ಮಧ್ಯಮ ಉದ್ದಿಮೆಗಳು 2014ರಿಂದ. 2011ರಲ್ಲಿ ಹಳೆಯ ಲೆಕ್ಕಪತ್ರ ಮಂಡಳಿಯ ಜಾಗದಲ್ಲಿ ಹಣಕಾಸು ವರದಿ ಮಂಡಳಿ ಬಂತು.

ಇಲ್ಲಿಂದ ಮುಂದಿನದು ಕುತೂಹಲದ ಭಾಗ. ಕೆಟ್ಟ ಸಾಲದ ಲೆಕ್ಕಕ್ಕೆ ಐಎಫ್‌ಆರ್‌ಎಸ್‌ನಡಿ ಆಗ ಜಾರಿಯಲ್ಲಿದ್ದ ಅಂತರರಾಷ್ಟ್ರೀಯ ನಿಯಮ ಐಎಎಸ್ 39. ಅದರ ತಿರುಳು ಇಷ್ಟು: ನಷ್ಟ ಆಗಿದೆ ಎಂಬುದಕ್ಕೆ ಪುರಾವೆ ಸಿಕ್ಕ ಮೇಲೆ ಮಾತ್ರ, ಮುಂದೆ ಎಷ್ಟು ಕೈಗೆ ಬರಬಹುದು ಎಂದು ಅಂದಾಜಿಸಿ, ಕೊರತೆಯಷ್ಟನ್ನೇ ಖರ್ಚು ಬರೆಯಿರಿ. ಕೈಲೆಕ್ಕಕ್ಕೆ ಮತ್ತೊಂದು 100 ನೈರಾ ಸಾಲ ತೆಗೆದುಕೊಳ್ಳಿ, 200 ದಿನ ಬಾಕಿ. ಹಳೆಯ ಮಾರ್ಗಸೂಚಿ ತಲೆಕೆಡಿಸಿಕೊಳ್ಳದೆ 50 ತೆಗೆದಿಡು ಎನ್ನುತ್ತದೆ. ಐಎಎಸ್ 39ರ ಪ್ರಕಾರ ಅಡಮಾನದ ಮನೆ ಮಾರಿದರೆ ಬರುವ ಹಣದ ಇಂದಿನ ಬೆಲೆ 80 ಎಂದು ಬ್ಯಾಂಕು ತೋರಿಸಿದರೆ, 20 ಸಾಕು. ನಷ್ಟ ಕಡಿಮೆ, ಲಾಭ 30 ಜಾಸ್ತಿ. ಮನೆಗೆ 80 ಸಿಗುತ್ತದೆಂದು ಹೇಳಿದವರು ಯಾರು? ಬ್ಯಾಂಕಿನವರೇ.

ಅಂದರೆ ಕೆಟ್ಟ ಸಾಲದಿಂದ ಸುಟ್ಟುಕೊಂಡ ದೇಶ, ಸುಧಾರಣೆಯ ಹೆಸರಿನಲ್ಲಿ, ಕೆಟ್ಟ ಸಾಲಕ್ಕೆ ಮೊದಲಿಗಿಂತ ಕಡಿಮೆ ಹಣ ತೆಗೆದಿಡಲು ಬಿಡುವ ನಿಯಮವನ್ನು ಆಮದು ಮಾಡಿಕೊಂಡಿತು. ಕೇಂದ್ರ ಬ್ಯಾಂಕಿನವರಿಗೆ ಇದು ಗೊತ್ತಿತ್ತು. ಆದ್ದರಿಂದ ಅವರು ಹಳೆಯ ಮಾರ್ಗಸೂಚಿಯನ್ನು ಬಿಸಾಡಲಿಲ್ಲ. ಎರಡೂ ಲೆಕ್ಕ ಹಾಕಿ ಎಂದರು. ಹಳೆಯ ನಿಯಮದ ಮೊತ್ತ ಹೊಸದಕ್ಕಿಂತ ಹೆಚ್ಚಿದ್ದರೆ ಆ ವ್ಯತ್ಯಾಸವನ್ನು, ಅಂದರೆ ನಮ್ಮ ಉದಾಹರಣೆಯ 30ನ್ನು, ಉಳಿಕೆ ಲಾಭದಿಂದ ಎತ್ತಿ ‘ನಿಯಂತ್ರಣ ಅಪಾಯ ಮೀಸಲು’ ಎಂಬ ಬೇರೆ ಡಬ್ಬಿಗೆ ಹಾಕಬೇಕು. ಅದರಿಂದ ಡಿವಿಡೆಂಡ್ ಹಂಚುವಂತಿಲ್ಲ. ಲಾಭ-ನಷ್ಟ ಪಟ್ಟಿ ಓದುವ ವಿದೇಶಿ ಹೂಡಿಕೆದಾರನಿಗೆ ಅಂತರರಾಷ್ಟ್ರೀಯ ಲಾಭ. ಠೇವಣಿದಾರನಿಗೆ ಹಳೆಯ ಕಟ್ಟುನಿಟ್ಟಿನ ಕಾವಲು. ಜಾಣತನವೇ ಸರಿ. 2018ರಲ್ಲಿ ಐಎಫ್‌ಆರ್‌ಎಸ್ 9 ಬಂದು, ಆಗಬಹುದಾದ ನಷ್ಟಕ್ಕೂ ಮೊದಲೇ ಹಣ ತೆಗೆದಿಡಿ ಎಂದಾಗ, ಅದರ ಮೊದಲ ಏಟನ್ನು ತಡೆದುಕೊಳ್ಳಲು ಕೇಂದ್ರ ಬ್ಯಾಂಕು ತೋರಿಸಿದ್ದು ಇದೇ ಡಬ್ಬಿಯನ್ನು.

(ನಮ್ಮ ರಿಸರ್ವ್ ಬ್ಯಾಂಕು ವಾಣಿಜ್ಯ ಬ್ಯಾಂಕುಗಳಿಗೆ ಐಎಫ್‌ಆರ್‌ಎಸ್‌ನ ಭಾರತೀಯ ರೂಪವಾದ ಇಂಡ್ ಎಎಸ್ ಅಳವಡಿಕೆಯನ್ನು 2019ರ ಮಾರ್ಚ್‌ನಲ್ಲಿ ಮುಂದೂಡಿತು. ಅದನ್ನು ಹಿಂದುಳಿದಿರುವಿಕೆ ಎಂದು ಮೂಗು ಮುರಿಯುವವರು ನೈಜೀರಿಯಾದ ಈ ಎರಡು ಪುಸ್ತಕದ ಏರ್ಪಾಟನ್ನು ಒಮ್ಮೆ ನೋಡಬೇಕು.)

ಹೊಸ ಮಾನದಂಡದಿಂದ ಏನೂ ಆಗಲಿಲ್ಲ ಎಂದೂ ಅಲ್ಲ. ಯಾವ ವಲಯಕ್ಕೆ ಎಷ್ಟು ಸಾಲ, ಯಾವುದು ಎಷ್ಟು ದಿನ ಬಾಕಿ, ನಿರ್ದೇಶಕರ ಸಂಬಂಧಿಕರ ಕಂಪನಿಗೆ ಎಷ್ಟು ಎಂಬ ಟಿಪ್ಪಣಿಗಳು ಪುಟಗಟ್ಟಲೆ ಬರತೊಡಗಿದವು. ‘ಇತರೆ’ ಎಂಬ ಸಾಲಿನಲ್ಲಿ ಆನೆ ಬಚ್ಚಿಡುವುದು ಕಷ್ಟವಾಯಿತು. ನನ್ನ ಮಟ್ಟಿಗೆ ಐಎಫ್‌ಆರ್‌ಎಸ್‌ನ ನಿಜವಾದ ಕೊಡುಗೆ ಲಾಭದ ಅಂಕಿಯಲ್ಲಿಲ್ಲ, ಆ ಟಿಪ್ಪಣಿಗಳಲ್ಲಿದೆ.

ಮಂಡಳಿಯ ಎರಡು ಪ್ರಸಂಗ

ಜಾರಿ ಮಾಡುವ ಕೈ ಎಂಥದ್ದು ಎಂಬುದಕ್ಕೆ ಎರಡು ಘಟನೆ ಸಾಕು. 2014ರ ಫೆಬ್ರವರಿ 20ರಂದು ಅಧ್ಯಕ್ಷ ಗುಡ್‌ಲಕ್ ಜೊನಾಥನ್ ಸನುಸಿಯನ್ನು ಅಮಾನತು ಮಾಡಿದರು. ಸರ್ಕಾರಿ ತೈಲ ಕಂಪನಿ ಬೊಕ್ಕಸಕ್ಕೆ ಸುಮಾರು 2,000 ಕೋಟಿ ಡಾಲರ್ ಕಟ್ಟಿಲ್ಲ ಎಂದು ಸನುಸಿ ಸಂಸತ್ತಿನ ಮುಂದೆ ಹೇಳುತ್ತಿದ್ದ ದಿನಗಳವು. ಅಮಾನತಿಗೆ ಕೊಟ್ಟ ಆಧಾರ ಯಾವುದು? ಕೇಂದ್ರ ಬ್ಯಾಂಕಿನ 2012ರ ಲೆಕ್ಕಪತ್ರದ ಮೇಲೆ ಹಣಕಾಸು ವರದಿ ಮಂಡಳಿ ಬರೆದುಕೊಟ್ಟ ಟಿಪ್ಪಣಿ. ಊರವರ ಲೆಕ್ಕ ಕೇಳಿದವನನ್ನು ಲೆಕ್ಕದ ಹೆಸರಿನಲ್ಲೇ ಇಳಿಸಿದರು. ಅಧಿಕಾರದ ಅವಧಿ ಮುಗಿಯಲು ಮೂರ್ನಾಲ್ಕು ತಿಂಗಳಷ್ಟೇ ಇತ್ತು; ಅದೇ ಜೂನ್‌ನಲ್ಲಿ ಅವರು ಕಾನೊದ ಎಮಿರ್ ಪಟ್ಟಕ್ಕೇರಿದರು.

ಇನ್ನೊಂದು 2017ರ ಜನವರಿಯದು. ಮಂಡಳಿಯ ಆಡಳಿತ ಸಂಹಿತೆ ಚರ್ಚುಗಳ ಮುಖ್ಯಸ್ಥರಿಗೂ ಅಧಿಕಾರದ ಮಿತಿ ಹಾಕಿತ್ತು. ದೇಶದ ಅತಿ ದೊಡ್ಡ ಚರ್ಚುಗಳಲ್ಲೊಂದರ ಹಿರಿಯ ಪಾದ್ರಿ ಅದರಂತೆ ನೈಜೀರಿಯಾದ ಮಟ್ಟಿಗಿನ ಹೊಣೆ ಬಿಟ್ಟುಕೊಟ್ಟರು. ಗದ್ದಲ ಎದ್ದಿತು. ಕೆಲವೇ ದಿನಗಳಲ್ಲಿ ಹೋದದ್ದು ಮಂಡಳಿಯ ಮುಖ್ಯಸ್ಥರ ಕೆಲಸ.

ಗೆರೆ ಎಳೆಯುವವರ ತೊಂದರೆ

ಈಗ ಪ್ರಬಂಧದವರ ಮೇಜಿಗೆ ಬರೋಣ. 2012ಕ್ಕೆ ಒಂದು ಗೆರೆ. ಹಿಂದಿನ ನಾಲ್ಕು ವರ್ಷ, ಮುಂದಿನ ನಾಲ್ಕು ವರ್ಷ. ಆಸ್ತಿಯ ಮೇಲಿನ ಲಾಭ, ಕೆಟ್ಟ ಸಾಲದ ಪ್ರಮಾಣ ಹೋಲಿಸಿದರೆ ಗೆರೆಯ ಆಚೆಗೆ ಎಲ್ಲವೂ ಚೆನ್ನ. ಮಾನದಂಡ ಗೆದ್ದಿತು.

ಆದರೆ ಗೆರೆಯ ಈಚೆಗೆ ಏನೆಲ್ಲ ಆಗಿದೆ ನೋಡಿ. ಕೆಟ್ಟ ಸಾಲ ಆಮ್ಕಾನ್‌ಗೆ ಸ್ಥಳಾಂತರ. ಎಂಟು ಮುಖ್ಯಸ್ಥರ ಬದಲಾವಣೆ. ಮುಖ್ಯಸ್ಥರ ಅವಧಿಗೆ ಹತ್ತು ವರ್ಷದ ಮಿತಿ. ವಿಮೆ, ಷೇರು ದಲ್ಲಾಳಿ ಅಂಗಸಂಸ್ಥೆಗಳನ್ನು ಬಿಟ್ಟುಕೊಡಬೇಕೆಂಬ 2010ರ ನಿಯಮ. ಕೆಟ್ಟ ಬ್ಯಾಂಕುಗಳೇ ವಿಲೀನವಾಗಿ ಮಾದರಿಯಿಂದ ಮಾಯ. ಉಳಿದವರ ಸರಾಸರಿ ತಾನಾಗಿಯೇ ಏರಬೇಕು. ಕಾಯಿಲೆಯವರನ್ನು ಹೊರಗೆ ಕಳಿಸಿ ವಾರ್ಡಿನ ಸರಾಸರಿ ಜ್ವರ ಇಳಿಯಿತು ಎಂದಂತೆ. ಜೊತೆಗೆ ವರ್ಷಾಂತ್ಯ ಬದಲಾದ ಕಾರಣ ಫಸ್ಟ್ ಬ್ಯಾಂಕಿನ 2009ರ ‘ವರ್ಷ’ ಒಂಬತ್ತು ತಿಂಗಳದ್ದು, ಯುನೈಟೆಡ್ ಬ್ಯಾಂಕ್ ಫಾರ್ ಆಫ್ರಿಕಾದ್ದು ಹದಿನೈದು ತಿಂಗಳದ್ದು. ಎರಡನ್ನೂ ಹಾಗೇ ಕೋಷ್ಟಕಕ್ಕೆ ತುಂಬಿದರೆ ಹೋಲಿಕೆ ಆರಂಭದಲ್ಲೇ ಸೊಟ್ಟ. ಇದನ್ನೆಲ್ಲ ಕಳೆದು ಮಾನದಂಡವೊಂದರ ಪಾಲನ್ನೇ ಬಿಡಿಸಿ ತೋರಿಸುವುದು ಸುಲಭವಲ್ಲ.

ಹಣಕಾಸು ಅಭಿವೃದ್ಧಿಯ ಅಳತೆಗೋಲಿನದು ಇನ್ನೂ ವಿಚಿತ್ರ. ಖಾಸಗಿ ವಲಯಕ್ಕೆ ಹೋದ ಸಾಲವನ್ನು ಜಿಡಿಪಿಯಿಂದ ಭಾಗಿಸಿ, ಹೆಚ್ಚಿದ್ದರೆ ಆರ್ಥಿಕತೆ ಆಳವಾಗಿದೆ ಎನ್ನುವುದು ರೂಢಿ. ನೈಜೀರಿಯಾದಲ್ಲಿ 2005ರಿಂದ 2009ರೊಳಗೆ ಈ ಅನುಪಾತ ದುಪ್ಪಟ್ಟಿಗೂ ಮೀರಿ ಏರಿತು. ಎಲ್ಲರೂ ಚಪ್ಪಾಳೆ ತಟ್ಟಿದ ಆ ಏರಿಕೆಯೊಳಗೆ ಮಾರ್ಜಿನ್ ಸಾಲವೂ ಇತ್ತು, ಸುಳ್ಳು ಕಂಪನಿಗಳ ಸಾಲವೂ ಇತ್ತು. ಆಮ್ಕಾನ್ ಬಂದು ಕೆಟ್ಟದ್ದನ್ನು ಎತ್ತಿಕೊಂಡಾಗ ಅನುಪಾತ ಇಳಿಯಿತು. ಪುಸ್ತಕದ ಪ್ರಕಾರ ಅದು ಹಿನ್ನಡೆ. ಆಮೇಲೆ ಭಾಜಕದ ಸರದಿ. 2014ರ ಏಪ್ರಿಲ್‌ನಲ್ಲಿ ಸಂಖ್ಯಾಶಾಸ್ತ್ರ ಇಲಾಖೆ ಜಿಡಿಪಿಯ ಆಧಾರ ವರ್ಷವನ್ನು 1990ರಿಂದ 2010ಕ್ಕೆ ತಂದಿತು. 2013ರ ಜಿಡಿಪಿ 42.4 ಲಕ್ಷ ಕೋಟಿ ನೈರಾ ಇದ್ದದ್ದು ಒಂದೇ ದಿನದಲ್ಲಿ 80.2 ಲಕ್ಷ ಕೋಟಿಯಾಯಿತು, ಶೇ 89 ಹೆಚ್ಚಳ. ದಕ್ಷಿಣ ಆಫ್ರಿಕಾವನ್ನು ಹಿಂದಿಕ್ಕಿದೆವು ಎಂದು ರಾಜಧಾನಿ ಅಬುಜಾದಲ್ಲಿ ಸಂಭ್ರಮ. ಅದೇ ಹೊತ್ತಿಗೆ, ಒಬ್ಬನ ಒಂದು ಸಾಲವೂ ಬದಲಾಗದೆ, ಸಾಲ-ಜಿಡಿಪಿ ಅನುಪಾತ ಸುಮಾರು ಅರ್ಧಕ್ಕೆ ಬಿತ್ತು.

ಹಾಗಾದರೆ ಆ ವರ್ಷಗಳಲ್ಲಿ ಅಭಿವೃದ್ಧಿ ಎನ್ನಬಹುದಾದದ್ದು ಏನು ನಡೆಯಿತು ಎಂದರೆ, ನಾನು 2014ರ ಫೆಬ್ರವರಿಯಲ್ಲಿ ಶುರುವಾದ ಬಿವಿಎನ್ ಕಡೆ ಕೈ ತೋರಿಸುತ್ತೇನೆ. ಬೆರಳಚ್ಚು ಕೊಟ್ಟು ಪಡೆಯುವ, ಒಬ್ಬರಿಗೆ ಒಂದೇ ಸಂಖ್ಯೆ. ಎಷ್ಟು ಬ್ಯಾಂಕಿನಲ್ಲಿ ಖಾತೆಯಿದ್ದರೂ ಅದೇ. ನೂರು ಹೆಸರಿನ ಹಿಂದೆ ಒಬ್ಬನೇ ನಿಲ್ಲುವುದು ಕಷ್ಟವಾಗುವ ಏರ್ಪಾಟು. ಲೆಕ್ಕಪತ್ರ ಮಾನದಂಡದ ಯಾವ ಅಧ್ಯಾಯದಲ್ಲೂ ಅದು ಬರುವುದಿಲ್ಲ.

ಆಮ್ಕಾನ್ ಕೊಂಡ ಸಾಲಗಳ ನಷ್ಟ ತುಂಬಲು ಪ್ರತಿ ಬ್ಯಾಂಕೂ ವರ್ಷಕ್ಕೆ ತನ್ನ ಒಟ್ಟು ಆಸ್ತಿಯ ಶೇ 0.3 ಕಟ್ಟಬೇಕೆಂದು ಮೊದಲು ನಿಗದಿಯಾಗಿತ್ತು. 2013ರಲ್ಲಿ ಅದನ್ನು ಶೇ 0.5ಕ್ಕೆ ಏರಿಸಿದರು. ಲಾಭದ ಮೇಲಲ್ಲ, ಆಸ್ತಿಯ ಮೇಲೆ; ಬ್ಯಾಂಕು ಬೆಳೆದಷ್ಟೂ ಕಂದಾಯವೂ ಬೆಳೆಯುತ್ತದೆ. ಅಂದು ಮಾರ್ಜಿನ್ ಸಾಲ ಕೊಟ್ಟವರೂ ಕೊಂಡವರೂ ರಂಗದಿಂದ ಸರಿದು ವರ್ಷಗಳಾದವು. 2023ರ ಲೆಕ್ಕಪತ್ರ ತೆರೆದರೂ ಲೇಗೋಸಿನ ದೊಡ್ಡ ಬ್ಯಾಂಕುಗಳ ಖರ್ಚಿನ ಟಿಪ್ಪಣಿಯಲ್ಲಿ, ಸಂಬಳ, ಡೀಸೆಲ್, ಜಾಹೀರಾತುಗಳ ಜೊತೆಗೆ, ‘ಆಮ್ಕಾನ್ ಲೆವಿ’ ಎಂಬ ಸಾಲು ಕೂತಿದೆ.